ಊಟ ಕೇಳುತ್ತಲೇ ಇದ್ದ ಆ್ಯಪ್

ಟುಣುಂಗ್. ಸ್ವಲ್ಪ ಬಿಟ್ಟು ಮತ್ತೆ ಟುಣುಂಗ್. ಆಮೇಲೆ ಬಿಡುವೇ ಇಲ್ಲ. ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆಯಿಂದ ಆ ಬೆಳಿಗ್ಗೆ ಮೆಟ್ಟಿಲಿಳಿದು ಬಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮ ಕಾನ್ವೆಂಟಿನಲ್ಲಿ ಲಂಚ್ ಬೆಲ್ ಹೊಡೆಯುತ್ತಿದ್ದ ಸಿಸ್ಟರ್‌ಗೂ ಅಷ್ಟು ಉತ್ಸಾಹ ಇರಲಿಲ್ಲ.

ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದವಳು ಒಬ್ಬ ಇಂಜಿನಿಯರ್ ಹುಡುಗಿ. ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಸಂಜೆ ಚಹಾಕ್ಕೆ ಇಳಿದು ಬಂದು, ನಾನು ಬಾಯಿಪಾಠ ಒಪ್ಪಿಸುವ ಇಂಗ್ಲಿಷ್ ಪೊಯೆಟ್ರಿಯನ್ನು ಬಹಳ ಪೊಲೈಟ್ ಆಗಿ ಕೇಳಿಸಿಕೊಳ್ಳುತ್ತಿದ್ದಳು. ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘಕ್ಕೆ ಅವಳೊಂದು ಆ್ಯಪ್ ಮಾಡಿಕೊಟ್ಟಿದ್ದಳು. ಬೆಳೆಗಾರರು ಮೆಸೇಜ್ ಹಾಕಿದರೆ ಅದು ಎಷ್ಟು ಗೊನೆ ಇವೆ ಎಂದು ಕೇಳಬೇಕು, ಟ್ರಕ್ ಬರುವ ಹೊತ್ತು ಹೇಳಬೇಕು. ಇನ್ನೂ ಟ್ರಯಲ್ ನಡೆದಿತ್ತು. ಸಂಘ ಬೇಡವೆಂದರೆ ಅವಳ ಇಲ್ಲಿನ ಕೆಲಸ ಮುಗಿಯುತ್ತಿತ್ತು, ಕೋಣೆ ಖಾಲಿಯಾಗುತ್ತಿತ್ತು. ಚಹಾ ಮಾತ್ರ ನನಗೆ ಉಳಿಯುತ್ತಿತ್ತು.

ಬೇಕೋ ಬೇಡವೋ ಹೇಳಬೇಕಾದವಳು ಸಂಘದ ಅಧ್ಯಕ್ಷೆ. ಅವಳು ಕಾನ್ವೆಂಟಿನಲ್ಲಿ ನನ್ನ ಬೆಂಚ್‌ಮೇಟ್. ಕಮಲಾಪುರದ ತೋಟದ ಮನೆತನಕ್ಕೆ ಸೊಸೆಯಾಗಿ ಹೋದವಳು. ಹಿಂದಿನ ವಾರವೇ ಫೋನ್ ಮಾಡಿ ತಕರಾರು ತೆಗೆದಿದ್ದಳು.

"ನಿಮ್ಮ ಹುಡುಗಿ ಆ್ಯಪ್ 'ಗೊನೆಗಳ ಸಂಖ್ಯೆಯನ್ನು ನಮೂದಿಸಿ' ಅಂತದ. ಠಾಣಾದಾಗ ಕೇಳಿದಂಗ ಆಗತದ. ಮಂದಿ ಅಂಜಿ ಫೋನ್ ಕೆಳಗ ಇಡತಾರ. ನೀ ಟೀಚರಮ್ಮ ಅಲ್ಲೇನು, ಅದಕ್ಕೊಂದೀಟು ಮ್ಯಾನರ್ಸ್ ಕಲಿಸು."

ಮ್ಯಾನರ್ಸ್ ನನ್ನ ಸಬ್ಜೆಕ್ಟ್. ನಾನು ಕೂತು ಬರೆದೆ: "ನಮಸ್ಕಾರ್ರೀ. ಊಟ ಆತೇನ್ರೀ?" ಹುಡುಗಿಗೆ ಇಷ್ಟವಾಯಿತು. ಅವಳ ಆ್ಯಪ್ ಕಂಟೈನರ್ ಎಂಬ ಮುಚ್ಚಿದ ಡಬ್ಬಿಯೊಳಗೆ ಇರುತ್ತದಂತೆ. ಅಂಥ ಡಬ್ಬಿಗಳು ಎಲ್ಲೋ ಒಂದೆಡೆ ಕಂಪ್ಯೂಟರುಗಳ ಗುಂಪಿನ ಮೇಲೆ, ಅಂದರೆ ಕ್ಲಸ್ಟರ್ ಮೇಲೆ ಓಡುತ್ತಿರುತ್ತವಂತೆ. ಡಬ್ಬಿಯನ್ನು ಒಡೆದು ಹೊಸದಾಗಿ ಕಟ್ಟಬೇಕಿಲ್ಲ. ಆ್ಯಪ್ ಏನು ಹೇಳಬೇಕೆಂದು ಬರೆದ ಕಾನ್ಫಿಗ್ ಫೈಲ್ ಒಂದನ್ನು ಹೊರಗಿನಿಂದಲೇ ಒಳಗೆ ಸೇರಿಸಬಹುದು. ನನ್ನ ಮಾತು ಹಾಗೇ ಒಳಗೆ ಹೋಯಿತು. ಐ ವಾಸ್ ವೆರಿ ಪ್ರೌಡ್.

ಮರುದಿನ ಬೆಳಿಗ್ಗೆಯೇ ಆ ಟುಣುಂಗ್. ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಇಳಿದು ಬಂದಳು.

"ಮೌಶಿ, ಅದು ಬ್ಯಾರೆ ಏನೂ ಮಾತಾಡವಲ್ದು. ಎಲ್ಲಾರಿಗೂ ಊಟ ಆತೇನ್ರೀ ಅಂತ ಅಷ್ಟ ಕೇಳಾಕತ್ತದ."

"ಅವರು ಏನಂತಾರ?"

"ಆತ್ರೀ, ನಿಮ್ದಾತೇನ್ರೀ ಅಂತಾರ. ಇದು ಮತ್ತ ಊಟ ಆತೇನ್ರೀ ಅಂತದ."

ನಮ್ಮ ಕಡೆ ಊಟ ಕೇಳಿದವರಿಗೆ ಉತ್ತರ ಕೊಡದೆ ಇರಲಾಗದು, ಮರಳಿ ಕೇಳದೆ ಬಿಡಲಾಗದು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಒಬ್ಬರು ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಎಂದು ಬಿಡಿಸಿ ಹೇಳಿದ್ದರು. ಇನ್ನೊಬ್ಬರು, "ನಾ ಉಂಡದ್ದು ನಿಮಗ ನಂಬಿಗಿ ಬರವಲ್ದೇನ್ರೀ?" ಎಂದು ನೊಂದುಕೊಂಡಿದ್ದರು. ಮತ್ತೊಬ್ಬರು ಹೆಂಡತಿ ತವರಿಗೆ ಹೋಗ್ಯಾಳ, ಉಂಡಿಲ್ಲ ಎಂದಿದ್ದರು. ಆ್ಯಪ್ ಪುನಃ ಕೇಳಿತ್ತು. ಅವರು ಎದ್ದು ಹೋಗಿ ಅನ್ನಕ್ಕಿಟ್ಟು, ಉಂಡು, ಬಂದು ವರದಿ ಒಪ್ಪಿಸಿದ್ದರು. ಅದಕ್ಕೂ ಅದೇ ಪ್ರಶ್ನೆ.

ಅಷ್ಟರಲ್ಲಿ ನನ್ನ ಫೋನೂ ಬಡಿದುಕೊಂಡಿತು. ಅಧ್ಯಕ್ಷೆ.

"ಟ್ರಕ್ ಬಂದು ನಿಂತದ. ಒಂದ ಗೊನಿ ಬಂದಿಲ್ಲ. ಊರಿಗೆ ಊರೇ ನಿನ್ನ ಆ್ಯಪಿನ ಕೂಡ ಊಟದ ಸುದ್ದಿ ಮಾತಾಡಕೋತ ಕುಂತದ. ಮಧ್ಯಾಹ್ನ ಮೀಟಿಂಗ್ ಅದ. ಮುಂದ ಏನಾಗತದ ನಾ ಹೇಳಬೇಕೇನು?"

ಹುಡುಗಿ ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. ಕೀಲಿಗಳನ್ನು ಕುಟ್ಟುತ್ತ ಏನೇನೋ ನೋಡಿ, ಕೊನೆಗೆ ಹಣೆ ಹಿಡಿದುಕೊಂಡಳು. "ತಪ್ಪು ನನ್ನದ, ಮೌಶಿ. ನಿಮ್ಮ ಮಸಾಲಿ ಡಬ್ಬಿದಾಗ ಜೀರಿಗಿ ಬಟ್ಲ ಒಂದ ಬದಲ ಮಾಡಬೇಕಿತ್ತು. ನಾ ಇಡೀ ಡಬ್ಬಿ ಮ್ಯಾಲ ಜೀರಿಗಿ ತಾಟ ಮುಚ್ಚೀನಿ. ಸಾಸಿವಿ, ಅರಿಷಿಣ ಎಲ್ಲಾ ಕೆಳಗ ಹಂಗ ಅವ, ಕಾಣವಲ್ವು."

ಗೊನೆ ಕೇಳುವ ಫೈಲು, ಟ್ರಕ್ಕಿನ ಹೊತ್ತು ಹೇಳುವ ಫೈಲು ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದವು. ಅವಳು ನನ್ನ ಫೈಲನ್ನು ಆ ಜಾಗದಲ್ಲಿ ಸೇರಿಸುವ ಬದಲು ಇಡೀ ಫೋಲ್ಡರಿನ ಮೇಲೆ ಹೊದಿಸಿದ್ದಳು. ಬೇರೆ ಮಾತು ಸಿಗದಿದ್ದರೆ ಇರುವ ಮಾತನ್ನೇ ಆಡು ಎಂದು ಆ್ಯಪಿಗೆ ಮೊದಲೇ ಕಲಿಸಿದ್ದಳು. ಒಬೀಡಿಯಂಟ್ ಚೈಲ್ಡ್, ಹೇಳಿದಂತೆ ಕೇಳಿತ್ತು.

ಆ ಒಂದು ಫೈಲನ್ನಷ್ಟೇ ಅದರ ಜಾಗಕ್ಕೆ ಕೂರಿಸಿ, ಡಬ್ಬಿಗಳನ್ನೆಲ್ಲ ಮತ್ತೆ ಶುರು ಮಾಡಿದಳು. ಟುಣುಂಗ್ ನಿಧಾನವಾಯಿತು. ಆ್ಯಪ್ ಗೊನೆ ಕೇಳತೊಡಗಿತು. ನಾವಿಬ್ಬರೂ ಕಮಲಾಪುರದ ಬಸ್ ಹಿಡಿದೆವು. ದಾರಿಯುದ್ದಕ್ಕೂ ನಾನು ಅವಳ ಕೋಣೆಯ ಕಿಟಕಿಯ ಪರದೆಗಳನ್ನು ತೆಗೆಯಬೇಕಾಗುತ್ತದೆ ಎಂದೇ ಯೋಚಿಸುತ್ತಿದ್ದೆ.

ಸಂಘದ ಗೋದಾಮಿನಲ್ಲಿ ಗೊನೆ ತುಂಬುತ್ತಿದ್ದರು, ತಡವಾಗಿ. ಅಧ್ಯಕ್ಷೆ ನಮ್ಮನ್ನು ನಿಲ್ಲಿಸಿಯೇ ಮಾತಾಡಿದಳು.

"ಮಂದಿ ಸಿಟ್ಟಿಗೆದ್ದಾರ."

"ತೆಗದ ಹಾಕ್ತೀನ್ರೀ ಅಮ್ಮಾರ, ಆ ಮಾತು," ಎಂದಳು ಹುಡುಗಿ.

"ಆ ಮಾತಿಗಲ್ಲ ಸಿಟ್ಟಿಗೆದ್ದದ್ದು. ಸರಿ ಮಾಡಿದ ಮ್ಯಾಲ ಅದು ಅವರು 'ನಿಮ್ದಾತೇನ್ರೀ' ಅಂದ್ರ ಒಂದ ಮಾತು ಹೇಳದೆ ಗೊನಿ ಎಷ್ಟು ಅಂತದಂತ. ಇದೆಂಥಾ ನಡತಿ? ಊಟ ಒಂದ ಸಲ ಕೇಳಲಿ, ತನ್ನದೂ ಆಗ್ಯದ ಅಂತ ಹೇಳಲಿ, ಆಮ್ಯಾಲ ಗೊನಿ ಕೇಳಲಿ. ಹಂಗ ಮಾಡಿಕೊಟ್ರ ಆ್ಯಪ್ ಇರಲಿ, ಮೀಟಿಂಗಿನ್ಯಾಗ ನಾ ಹೇಳತೀನಿ."

"ಆ್ಯಪು ಉಣ್ಣಂಗಿಲ್ಲಲ್ರೀ," ಎಂದಳು ಹುಡುಗಿ.

"ನಿನ್ನ ಮೌಶಿನೂ ಕಾನ್ವೆಂಟಿನ್ಯಾಗ ಉಪ್ಪಿಟ್ಟು ಚೆಲ್ಲಿ, ಉಂಡೆ ಅಂತಿದ್ದಳು. ನಡೀತದ."

ಹುಡುಗಿ ಅಲ್ಲೇ ಮೂಟೆಯ ಮೇಲೆ ಕೂತು ಇನ್ನೊಂದು ಸಾಲು ಸೇರಿಸಿದಳು, ಈ ಸಲ ಸರಿಯಾದ ಜಾಗದಲ್ಲಿ.

ಸಂಜೆ ಅಧ್ಯಕ್ಷೆ ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿಯಿಂದ ಕೆಂಪು ಬಾಳೆಹಣ್ಣು ನನ್ನ ಮಡಿಲಿಗೆ ತುರುಕಿದಳು. ಅವಳ ಫೋನು ಟುಣುಂಗ್ ಎಂದಿತು. ಅದನ್ನು ಕಣ್ಣಿಂದ ದೂರ ಹಿಡಿದು ಓದಿ, ಒಂದೇ ಬೆರಳಿನಲ್ಲಿ ಬರೆಯತೊಡಗಿದಳು.

"ಏನಂತ ಬರೀಲಿಕತ್ತಿ?" ಎಂದೆ.

"ಇನ್ನಾ ಆಗಿಲ್ಲ ಅಂತ. ಬೆಳಗ್ಗಿಂದ ನಿಮ್ಮ ಗದ್ದಲದಾಗ ಎಲ್ಲಿ ಊಟ?"

"ಮತ್ತ ಹೋಗಿ ಉಣ್ಣು."

"ತಡಿ. ಅದರದು ಆಗ್ಯದೋ ಇಲ್ಲೋ ಕೇಳತೀನಿ."

ಬಸ್ ಹೊರಟಿತು. ಧೂಳಿನಲ್ಲಿ ಅವಳು ತಲೆ ಬಗ್ಗಿಸಿ ಉತ್ತರಕ್ಕೆ ಕಾಯುತ್ತ ನಿಂತಿದ್ದಳು.