ಪಾತ್ರೆಯಲ್ಲಿ ಉಳಿದ ರಸ

ನಮ್ಮ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಇರುವುದು ಒಂದೇ ಪಾತ್ರೆ. ಬೆಳ್ಳಿಯ ಲೇಪ ಅಲ್ಲಲ್ಲಿ ಎದ್ದುಹೋಗಿ ಒಳಗಿನ ಹಿತ್ತಾಳೆ ಕಾಣುತ್ತದೆ. ತಿಂಗಳ ಮೊದಲ ರವಿವಾರ ಬಾದಾಮಿಯಿಂದ ಪಾದ್ರಿ ಅಯ್ಯನವರು ಇಳಕಲ್ಲಿಗೆ ಬರುತ್ತಾರೆ. ಮೊಣಕಾಲೂರಿದವರಿಗೆ ಅವರು ರೊಟ್ಟಿಯ ತುಂಡು ಕೊಡುತ್ತ ಮುಂದೆ ಹೋದಂತೆ, ಹಿಂದಿನಿಂದ ಸಭೆಯ ಹಿರಿಯರು ಆ ಪಾತ್ರೆಯನ್ನು ಒಬ್ಬೊಬ್ಬರ ತುಟಿಗೆ ಹಿಡಿಯುತ್ತಾರೆ. ಒಬ್ಬರು ಕುಡಿದ ಮೇಲೆ ಬಿಳಿ ಬಟ್ಟೆಯಿಂದ ಅಂಚು ಒರೆಸಿ, ತುಸು ತಿರುಗಿಸಿ, ಮುಂದಿನವರಿಗೆ. ಮೊದಲು ಗಂಡಸರು, ಆಮೇಲೆ ಹೆಂಗಸರು. ನಮ್ಮ ಸಾಲಿಗೆ ಬರುವ ಹೊತ್ತಿಗೆ ಆ ಬಟ್ಟೆಗೆ ತಂಬಾಕು, ಎಲೆ-ಅಡಿಕೆ, ಮೀಸೆಗೆ ಹಚ್ಚಿದ ಎಣ್ಣೆ, ಎಲ್ಲದರ ಬಣ್ಣ ಹತ್ತಿರುತ್ತದೆ. ಮೊದಲ ಸಲ ಅದು ನನ್ನ ತುಟಿಗೆ ಬಂದ ದಿನದಿಂದಲೂ ನನಗೆ ಹೇಸಿಗೆ. ಉಸಿರು ಬಿಗಿಹಿಡಿದು ಕುಡಿಯುವುದನ್ನು ಕಲಿತೆ. ನೋಡಿದವರು ಅದನ್ನು ಭಕ್ತಿ ಅಂದುಕೊಂಡರು.

ಎಲ್ಲರದೂ ಆದ ಮೇಲೆ ಉಳಿದ ದ್ರಾಕ್ಷಿರಸವನ್ನು ಚೆಲ್ಲುವಂತಿಲ್ಲ, ಅದು ಆಶೀರ್ವಾದ ಪಡೆದದ್ದು. ಅಯ್ಯನವರಿಗೆ ಹುನಗುಂದದಲ್ಲಿ ಇನ್ನೊಂದು ಆರಾಧನೆ ಇರುವುದರಿಂದ ಅವರು ಬಸ್ಸಿಗೆ ಓಡುತ್ತಾರೆ. ಉಳಿದದ್ದನ್ನು ಮುಗಿಸುವುದು ಹಿರಿಯರ ಪಾಲು. ನಮ್ಮ ಹಿರಿಯರು ನಿವೃತ್ತ ಹೆಡ್ ಮಾಸ್ತರರು, ಚಿಕ್ಕವಳಿದ್ದಾಗ ನನಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರು. ಸಭೆಗೆ ಬೆನ್ನು ಮಾಡಿ, ತಲೆ ಹಿಂದಕ್ಕೆ ಚೆಲ್ಲಿ, ಸೊರ್ ಎಂದು ಕುಡಿದು, ಮೀಸೆಯನ್ನು ತುಟಿಯೊಳಗೆ ಎಳೆದು ಚೀಪುತ್ತಿದ್ದರು. ಮೂರನೆಯ ಬೆಂಚಿನವರೆಗೂ ಸಪ್ಪಳ ಕೇಳುತ್ತಿತ್ತು.

ಅವರ ಬಾಯಲ್ಲಿ ಸದಾ ಇರುವ ಮಾತೆಂದರೆ ದೇವರ ಮಹಿಮೆ. ಅಮೀನಗಡದಲ್ಲಿ ಬಸ್ಸಿನೊಳಗೆ ಸೀಟು ಸಿಕ್ಕರೆ ದೇವರ ಮಹಿಮೆ, ಮೊಮ್ಮಗನ ಭೇದಿ ನಿಂತರೆ ದೇವರ ಮಹಿಮೆ. ಅಷ್ಟು ಮಂದಿ ಬಾಯಾಡಿಸಿದ ಆ ಪದವೂ ನನಗೆ ಆ ಪಾತ್ರೆಯ ಅಂಚಿನ ಹಾಗೆಯೇ ಆಗಿಹೋಗಿತ್ತು.

ನನ್ನ ತಂದೆ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ಅವರ ತಮ್ಮ, ನನ್ನ ಕಾಕಾ, ಹುನಗುಂದ–ಇಳಕಲ್ ನಡುವೆ ಟಂಟಂ ಗಾಡಿ ಓಡಿಸಿ ಅವ್ವನನ್ನೂ ನನ್ನನ್ನೂ ನೋಡಿಕೊಂಡ, ಧಾರವಾಡದಲ್ಲಿ ನನ್ನನ್ನು ಎಂ.ಎಸ್ಸಿ. ಓದಿಸಿದ. ಮದುವೆ ಆಗಲಿಲ್ಲ. ಚರ್ಚಿನಲ್ಲಿ ಹಾಡು ಎತ್ತಿಕೊಡುವವನು ಅವನೇ. ಸ್ಟೇರಿಂಗ್ ಹಿಡಿದಷ್ಟು ಹೊತ್ತೂ ಗುಟ್ಕಾ ಜಗಿಯುವವನೂ ಅವನೇ. ಕೊನೆಗೆ ದವಡೆಯಲ್ಲಿ ಕ್ಯಾನ್ಸರ್ ಬಂತು. ಬಾಗಲಕೋಟೆಯ ದವಾಖಾನೆಯಲ್ಲಿ ಒಂದು ಬದಿಯ ದವಡೆ ತೆಗೆದರು. ಜೀವ ಉಳಿಯಿತು, ಹಾಡು ಹೋಯಿತು.

ಆಮೇಲಿನದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಅವನ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಜೊಲ್ಲು ನಿಲ್ಲುವುದಿಲ್ಲ. ಹೆಗಲ ಮೇಲಿನ ಟವೆಲು ಮಧ್ಯಾಹ್ನದೊಳಗೆ ಒದ್ದೆಯಾಗುತ್ತದೆ. ಹುನಗುಂದದ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ನಾನು ಆ ಟವೆಲುಗಳನ್ನು ಬಿಸಿನೀರಿನಲ್ಲಿ ನೆನೆಹಾಕುತ್ತೇನೆ. ಹುಳಿತ ಅಂಬಲಿಯೂ ಗಾಯದ ಮುಲಾಮೂ ಸೇರಿದಂಥ ವಾಸನೆ. ಎಷ್ಟು ಸೋಪು ಹಾಕಿದರೂ ಬೆರಳಿನಲ್ಲಿ ಉಳಿಯುತ್ತದೆ. ಅದು ಅಂಟುವ ರೋಗವಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಹೇಸಿಗೆ ಹೋಗುವುದಿಲ್ಲ.

ಅವ್ವನಂತೂ ಮುಚ್ಚಿಡುವವಳಲ್ಲ. ಕಾಕಾನ ಬಟ್ಟಲು, ಚಮಚ, ತಂಬಿಗೆ ಎಲ್ಲ ಬೇರೆ. ಬಟ್ಟಲನ್ನು ಇಕ್ಕಳದಿಂದ ಎತ್ತಿ ಕುದಿಯುವ ನೀರಿಗೆ ಬಿಡುತ್ತಾಳೆ. "ತಿನ್ನು, ಇನ್ನಷ್ಟು ಗುಟ್ಕಾ ತಿನ್ನು. ನಿಮ್ಮಣ್ಣ ಬ್ಯಾಡ ಬ್ಯಾಡ ಅಂತ ಬಡಕೊಂಡ ಹೋದ" ಎಂದು ಬೈಯುತ್ತಲೇ ಅವನ ಗಲ್ಲ ಒರೆಸುತ್ತಾಳೆ. ಕಾಕಾ ಕಣ್ಣಿನಲ್ಲೇ ನಗುತ್ತಾನೆ.

ಆಪರೇಷನ್ ಆದಮೇಲೆ ಅವನು ಕೇಳಿದ್ದು ಒಂದನ್ನೇ. ಕರ್ತನ ಭೋಜನಕ್ಕೆ ಹೋಗಬೇಕು, ಎಲ್ಲರ ಜೊತೆ. ಅದಕ್ಕಾಗಿ ಅಂಗಳದಲ್ಲಿ ಕುಳಿತು ಅಭ್ಯಾಸ ಮಾಡಿದ. ತಂಬಿಗೆಯನ್ನು ತುಟಿಗೆ ಹಿಡಿದು, ತಲೆಯನ್ನು ಗಟ್ಟಿಯಿರುವ ಬದಿಗೆ ವಾಲಿಸಿ, ಇನ್ನೊಂದು ಬದಿಯ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದು ಒಂದು ಗುಟುಕು ನುಂಗುವುದು. ಮೊದಮೊದಲು ಅಂಗಿಯೆಲ್ಲ ಒದ್ದೆ. ಬರಬರುತ್ತ ಒಂದು ಹನಿಯೂ ಬೀಳದ ಹಾಗೆ ಕುಡಿಯತೊಡಗಿದ.

ಆ ತಿಂಗಳ ಮೊದಲ ರವಿವಾರ ಹತ್ತಿರ ಬಂದಾಗ ಒಂದು ಸಂಜೆ ಮಾಸ್ತರರು ಮನೆಗೆ ಬಂದರು. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ. ಕಾಕಾನ ಮುಂದೆಯೇ ಇಟ್ಟರು. ಗಟ್ಟಿ ಹಲ್ಲಿನವರೂ ಎಳೆದಾಡಿ ತಿನ್ನುವ ಸಿಹಿ ಅದು.

ಅವ್ವ ಡಬ್ಬಿ ನೋಡಿ, "ಕರದಂಟು ತಂದೀರೇನ್ರಿ ಮಾಸ್ತರ್? ಛಲೋ ಆತು. ಜಗ್ಯಾಕ ಒಂದು ದವಡಿನೂ ತಂದಿದ್ರ ಇನ್ನೂ ಛಲೋ ಇತ್ತು" ಎಂದಳು.

ಮಾಸ್ತರರು ಕೇಳಿಸದವರಂತೆ ಪ್ರಾರ್ಥನೆ ಮಾಡಿದರು. ಈ ಮನೆಯಲ್ಲಿ ದೇವರ ಮಹಿಮೆ ಕಣ್ಣಾರೆ ಕಾಣುತ್ತಿದೆ ಎಂದರು. ಆಮೇಲೆ ಕಾಕಾನ ಕಡೆ ತಿರುಗಿ, "ತಮ್ಮಾ, ನೀ ಬರಬೇಕು. ಬರಬ್ಯಾಡ ಅನ್ನವ್ರು ಯಾರೂ ಇಲ್ಲ. ಆದ್ರ ಗಂಡಸರ ಸಾಲಿನ್ಯಾಗ ಬ್ಯಾಡ. ಹೆಣಮಕ್ಕಳದೂ ಆಗ್ಲಿ, ಕಡೀಕ ನೀ ಒಬ್ಬನ ಬಾ. ನಿನಗೂ ಅವಸರ ಇರೂದಿಲ್ಲ" ಎಂದರು.

"ಯಾಕಂತ?" ಅವ್ವ ಕೇಳಿದಳು.

"ಮಂದಿ ಮನಸು ತಂಗೆವ್ವಾ. ನಂದೇನಿಲ್ಲ." ನನ್ನ ಕಡೆ ನೋಡಿದರು. "ನೀ ಸೈನ್ಸ್ ಓದಾಕಿ, ನೀನ ತಿಳಿಸಿ ಹೇಳವ್ವ ಕಾಕಾಗ."

"ಕ್ಯಾನ್ಸರ್ ಅಂಟೂದಿಲ್ರಿ ಮಾಸ್ತರ್," ಎಂದೆ.

"ಗೊತ್ತೈತೆವ್ವಾ, ಗೊತ್ತೈತಿ. ಅಂಟೂದಿಲ್ಲ ಖರೆ. ಆದ್ರ ನೋಡಾಕ…" ಎಂದು ನಿಲ್ಲಿಸಿದರು. ನಿಲ್ಲಿಸಿದ ಜಾಗದಲ್ಲಿ ಕಾಕಾ ಟವೆಲು ಎತ್ತಿ ಬಾಯಿ ಮುಚ್ಚಿಕೊಂಡ. ಆ ಕ್ಷಣ ನನಗೆ ಆ ಮುದುಕರ ನಯವಾದ ಧ್ವನಿ, ಇಸ್ತ್ರಿ ಮಾಡಿದ ಪಂಚೆ, ಆ ಡಬ್ಬಿ, ಎಲ್ಲದರ ಮೇಲೂ ಹುಟ್ಟಿದ ಅಸಹ್ಯಕ್ಕೆ ಹೋಲಿಸಿದರೆ ಟವೆಲಿನ ವಾಸನೆ ಏನೂ ಅಲ್ಲ. ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿನ ಮಾತೂ ಇತ್ತಲ್ಲ, ಅದಕ್ಕೆ ಇನ್ನೂ ಹೆಚ್ಚು.

ಕಾಕಾ "ಆತ್ರಿ" ಎಂದ. ಅಷ್ಟೇ.

ರವಿವಾರ ಬಿಳಿ ಅಂಗಿ ತೊಟ್ಟು ಬಂದ. ಗಂಡಸರು ಎದ್ದುಹೋದಾಗ ಬೆಂಚಿನಲ್ಲಿ ಒಬ್ಬನೇ ಉಳಿದ. ಹೆಂಗಸರು ಹೋಗಿ ಬಂದೆವು. ಆಮೇಲೆ ಅವನು ಎದ್ದ. ಇಡೀ ಸಭೆ ಕುಳಿತು ನೋಡುತ್ತಿರುವಾಗ ಒಬ್ಬನೇ ನಡೆದು ಹೋಗಿ ಮೊಣಕಾಲೂರಿದ. ಅಯ್ಯನವರು ಅವನ ಮುಖ ನೋಡದೆ ರೊಟ್ಟಿಯ ಚೂರನ್ನು ರಸದಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟರು. ಮಾಸ್ತರರು ಪಾತ್ರೆಯನ್ನು ಕೈ ಚಾಚಿ, ದೂರದಿಂದ ಹಿಡಿದರು. ಕಾಕಾ ತಲೆ ವಾಲಿಸಿ, ಬೆರಳು ಒತ್ತಿ, ಕುಡಿದ. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಆದರೆ ತುಟಿ ಬಿಟ್ಟಾಗ ಜೊಲ್ಲಿನ ಒಂದು ಎಳೆ ಅಂಚಿನಿಂದ ಜೋತು, ಹರಿದು, ಪಾತ್ರೆಯೊಳಗೇ ಇಳಿಯಿತು. ಮುಂದಿನ ಬೆಂಚಿನವರೆಲ್ಲ ನೋಡಿದೆವು.

ಅಯ್ಯನವರು ಆಶೀರ್ವಾದ ಹೇಳಿ, ನಿಲುವಂಗಿ ಮಡಚಿ ಚೀಲಕ್ಕೆ ತುರುಕಿ, "ಮಾಸ್ತರ್, ಪಾತ್ರಿ ನೀವು ಮುಗಿಸಿಬಿಡ್ರಿ. ಹುನಗುಂದ ಬಸ್ಸು ತಪ್ಪತೈತಿ" ಎಂದು ಹೊರಟುಹೋದರು.

ಆಗ ಮಾಸ್ತರರಿಗೆ ತಿಳಿಯಿತು. ಯಾರೂ ಅವನ ನಂತರ ಕುಡಿಯಬಾರದೆಂದು ಅಷ್ಟೆಲ್ಲ ವ್ಯವಸ್ಥೆ ಮಾಡಿದವರು, ಕೊನೆಯವನ ನಂತರ ಕುಡಿಯಬೇಕಾದವರು ಯಾರೆಂಬುದನ್ನೇ ಮರೆತಿದ್ದರು. ಪಾತ್ರೆಯಲ್ಲಿ ಇನ್ನೂ ಕಾಲು ಭಾಗ ರಸವಿತ್ತು. ಒಳಗೆ ನೋಡಿದರು. ಕಿಟಕಿ ನೋಡಿದರು. ಕಾಕಾ ಇನ್ನೂ ಎದುರಿಗೇ ಮೊಣಕಾಲೂರಿದ್ದ.

"ಹೊರಗ ಬೇವಿನ ಬುಡಕ್ಕ ಹಾಕಿದ್ರೂ ನಡೀತೈತಿ," ಎಂದರು ಮೆಲ್ಲಗೆ. "ಮಣ್ಣೂ ದೇವರದ."

ನನ್ನ ಪಕ್ಕದಿಂದ ಅವ್ವ ಎದ್ದಳು. ಸೀದಾ ಹೋಗಿ ಕೈಚಾಚಿದಳು. "ಇಲ್ಲಿ ಕೊಡ್ರಿ."

"ತಂಗೆವ್ವಾ, ಹೆಣಮಕ್ಕಳು ಪಾತ್ರಿ ಮುಟ್ಟೂದಿಲ್ಲ."

"ನೀವು ಮುಟ್ಟೀರಲ್ಲ. ಹಂಗಾದ್ರ ನೀವ ಕುಡೀರಿ."

ಮಾಸ್ತರರು ಮತ್ತೊಮ್ಮೆ ಪಾತ್ರೆಯೊಳಗೆ ನೋಡಿದರು. ಅವ್ವ ಪಾತ್ರೆಯನ್ನು ಅವರ ಕೈಯಿಂದ ತೆಗೆದುಕೊಂಡಳು. ಮನೆಯಲ್ಲಿ ಅವನ ಬಟ್ಟಲನ್ನು ಇಕ್ಕಳದಿಂದ ಹಿಡಿಯುವವಳು, ಅಂಚು ಕೂಡ ಒರೆಸದೆ, ಗಟಗಟ ಕುಡಿದಳು. ಬೋರಲು ಮಾಡಿ ತೋರಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಒಣದ್ರಾಕ್ಷಿ ಭಾಳ ಕಮ್ಮಿ ಹಾಕೀರಿ ಮಾಸ್ತರ್. ಬರೇ ನೀರಾಗೈತಿ" ಎಂದಳು. ಆ ರಸ ಕುದಿಸುವುದು ಮಾಸ್ತರರ ಮನೆಯಲ್ಲೇ.

ಗಂಡಸರ ಕಡೆ ಯಾರೋ ಕಿಸಕ್ಕೆಂದರು. ಕಾಕಾನಿಗೂ ನಗು ಬಂತು. ಆಪರೇಷನ್ ನಂತರ ಅವನು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ನಗು ಮೂಗಿನಿಂದಲೂ ಬಾಯಿಯಿಂದಲೂ ಸಿಡಿದು ಮಾಸ್ತರರ ಪಂಚೆಯ ಮೇಲೆ ಬಿತ್ತು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಓಡಿ ಬೇವಿನ ಬುಡದಲ್ಲಿ ನಿಂತೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಅವ್ವ ಎಂದಿನಂತೆ ಇಕ್ಕಳ ಹಿಡಿದಿದ್ದಳು. ನನಗೆ ಸಿಟ್ಟು ಬಂತು.

"ಅಲ್ಲಿ ಹಂಗ ಕುಡದಿ. ಇಲ್ಲಿ ಮತ್ತ ಇಕ್ಕಳ ಯಾಕ?"

"ಹೇಸಿಗಿ ಬರ್ತೈತಿ, ಅದಕ್ಕ," ಎಂದಳು. ಬಟ್ಟಲನ್ನು ಕುದಿಯುವ ನೀರಿಗೆ ಬಿಟ್ಟಳು. "ಅಲ್ಲೂ ಬಂತು. ಆದ್ರ ಅದನ್ನ ನೆಲಕ್ಕ ಚೆಲ್ಲಾವ್ರಿದ್ರಲ್ಲ ಅವ್ರು. ಅಂವನ ಮುಂದ."

ದೇವರ ಮಹಿಮೆ ಎಂಬುದನ್ನು ನಾನು ಕಂಡಿದ್ದರೆ, ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡ ಆ ಹೊತ್ತಿನಲ್ಲಿ ಕಂಡೆ. ಕಂಡಾಗ ನನಗೆ ವಾಂತಿ ಬರುವಂತಾಗಿತ್ತು. ಇದನ್ನು ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿಯಾಗಿ ಹೇಳಲು ಬರುವುದಿಲ್ಲ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಮುಂದಿನ ತಿಂಗಳು ಗಂಡಸರು ಎದ್ದಾಗ ಕಾಕಾ ಅವರ ಜೊತೆಗೇ ಎದ್ದ. ಮಾಸ್ತರರು ಅವನಿಗೆ ಕೊಟ್ಟು, ಒರೆಸಿ, ತಿರುಗಿಸಿ, ಮುಂದಿನವನಿಗೆ ಹಿಡಿದರು. ಹೆಂಗಸರಲ್ಲಿ ಒಬ್ಬಿಬ್ಬರು ತಲೆನೋವೆಂದು ಏಳಲಿಲ್ಲ. ಪಾತ್ರೆ ನನ್ನ ತುಟಿಗೆ ಬಂದಾಗ ಆ ಬಟ್ಟೆಯಲ್ಲಿ ಮುಲಾಮಿನ ವಾಸನೆ ಇತ್ತು. ಉಸಿರು ಬಿಗಿಹಿಡಿದು ಕುಡಿದೆ. ನನ್ನ ಮಗ್ಗುಲಲ್ಲಿದ್ದ ಅವ್ವ ಒಂದು ಗುಟುಕು ಕುಡಿದು, ಮಾಸ್ತರರಿಗೆ ಕೇಳುವಷ್ಟೇ ಸಣ್ಣ ದನಿಯಲ್ಲಿ, "ಈ ಸಲ ಛಲೋ ಆಗೈತ್ರಿ" ಎಂದಳು.