ಆ ದೇಶ ಇಲ್ಲ ಎನ್ನಲಿಲ್ಲ

ಓಬಳಮ್ಮನಿಗೆ ನಾನು ಹೇಳಿದ್ದು ಸುಳ್ಳು. ಆಕೆಯ ತಮ್ಮನ ಸಾವಿಗಾಗಿ ಕ್ವಾರಿ ಮಾಲೀಕನನ್ನು ವಿಚಾರಣೆ ಮಾಡಲು ಆ ದೇಶದವರು ಒಪ್ಪಲಿಲ್ಲ ಎಂದಿದ್ದೆ. ಆ ದೇಶದವರನ್ನು ಯಾರೂ ಕೇಳಿರಲೇ ಇಲ್ಲ. ಕೇಳದಂತೆ ಮಾಡಿದವನು ನಾನು — ಯಾರ ಒತ್ತಾಯವೂ ಇಲ್ಲದೆ, ಯಾರ ಕೈಯಿಂದಲೂ ಒಂದು ಲೋಟ ಕಾಫಿ ಕೂಡ ಕುಡಿಯದೆ.

ನಾನು ಇಂಗ್ಲಿಷ್ ಮೇಷ್ಟ್ರು. ಕೊಡಿಗೇನಹಳ್ಳಿ ಕಡೆ ಮೂವತ್ತು ವರ್ಷ ಪಾಠ ಮಾಡಿ, ಮಧುಗಿರಿಯಲ್ಲಿ ಮನೆ ಕಟ್ಟಿಕೊಂಡು ಕುಳಿತವನು. ನಮ್ಮ ಸೀಮೆಯಲ್ಲಿ ಮೇಷ್ಟ್ರಿಗೆ ಒಂದು ಸವಲತ್ತಿದೆ. ಒಮ್ಮೆ ಪಾಠ ಹೇಳಿಸಿಕೊಂಡವರು ಮುಂದೆ ಎಷ್ಟೇ ದೊಡ್ಡವರಾದರೂ ಮೇಷ್ಟ್ರ ಮಾತನ್ನು ಪರೀಕ್ಷೆ ಮಾಡುವುದಿಲ್ಲ. ನನ್ನ ಹಳೆಯ ಶಿಷ್ಯ ರಂಗನಾಥ ಇನ್‌ಸ್ಪೆಕ್ಟರ್ ಆದ ಮೇಲೂ ನನ್ನೆದುರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಅದು ನನಗೆ ಇಷ್ಟವಾಗುತ್ತಿತ್ತು. ಅಷ್ಟೇ ಅಲ್ಲ — ಅದು ಬೇಕೇ ಬೇಕು ಎನ್ನಿಸುತ್ತಿತ್ತು.

ಅವನ ಕೈಯಲ್ಲಿ ಒಬ್ಬನೇ ಆರೋಪಿಯ ಎರಡು ಪ್ರಕರಣಗಳಿದ್ದವು. ಆರೋಪಿ ಕೊರಟಗೆರೆ ಕಡೆಯ ಒಂದು ಕಲ್ಲು ಕ್ವಾರಿಯ ಮಾಲೀಕ. ಶೆಡ್ಡಿನಲ್ಲಿ ಬಚ್ಚಿಟ್ಟಿದ್ದ ಜಿಲೆಟಿನ್ ಸಿಡಿದು ಮೂವರು ಕೂಲಿಯವರು ಸತ್ತದ್ದು ಒಂದು. ಇನ್ನೊಂದು ಅದಕ್ಕಿಂತ ಹಿಂದಿನದು. ಓಬಳಮ್ಮನ ತಮ್ಮ ಅಂಜಿನಪ್ಪ, ಅದೇ ಕ್ವಾರಿಯ ಆಳು, ಒಂದು ಬೆಳಿಗ್ಗೆ ಸಿರಾ ರಸ್ತೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಕುಡಿದು ರಸ್ತೆಯಲ್ಲಿ ಮಲಗಿದ್ದವನ ಮೇಲೆ ಯಾವುದೋ ಗಾಡಿ ಹರಿದಿದೆ ಎಂದು ಬರೆದು ಮುಗಿಸಿದ್ದರು. ಜಿಲೆಟಿನ್ ಸಿಡಿದ ಮೇಲೆ ಜೊತೆಯ ಕೂಲಿಯವನೊಬ್ಬ ಧೈರ್ಯ ಮಾಡಿ ಬಂದು ನಿಜ ಹೇಳಿದ. ಅಂಜಿನಪ್ಪ ಸತ್ತದ್ದು ಕ್ವಾರಿಯೊಳಗೆ, ಬಂಡೆ ಜಾರಿ. ಮಾಲೀಕನೇ ನಿಂತು ಹೆಣವನ್ನು ಹೊರಿಸಿ ರಸ್ತೆಯಲ್ಲಿ ಹಾಕಿಸಿದ್ದ. ಅಂಜಿನಪ್ಪ ಹುಟ್ಟಿದಂದಿನಿಂದ ಹೆಂಡ ಮುಟ್ಟಿದವನಲ್ಲ.

ಅಷ್ಟು ಹೊತ್ತಿಗೆ ಮಾಲೀಕ ವಿದೇಶಕ್ಕೆ ಹಾರಿದ್ದ. ಆ ದೇಶಕ್ಕೂ ನಮಗೂ ಆರೋಪಿಗಳನ್ನು ಹಸ್ತಾಂತರಿಸುವ ಒಪ್ಪಂದವಿತ್ತು. ಅದರ ಪ್ರತಿಯನ್ನು ರಂಗನಾಥ ನನ್ನ ಮುಂದಿಟ್ಟು, “ಇದ್ನ ಒಸಿ ಬುಡಿಸಿ ಹೇಳಿ ಮೇಷ್ಟ್ರೇ, ನಂಗೆ ತಲೆ ಬುಡ ತಿಳೀತಿಲ್ಲ” ಎಂದ. ನಾನು ಬಿಡಿಸಿ ಹೇಳಿದೆ. ಇಲ್ಲಿಯ ಪೊಲೀಸರು ಅಲ್ಲಿಗೆ ಹೋಗಿ ಹಿಡಿದುಕೊಂಡು ಬರುವಂತಿಲ್ಲ. ಕೋರ್ಟಿನ ವಾರಂಟು, ಸಾಕ್ಷಿಗಳ ಹೇಳಿಕೆ, ಎಲ್ಲದರ ಇಂಗ್ಲಿಷ್ ಅನುವಾದ ಒಟ್ಟಾಗಿ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ, ದೆಹಲಿಯಿಂದ ರಾಯಭಾರಿಗಳ ಮೂಲಕ ಆ ಸರ್ಕಾರಕ್ಕೆ ಹೋಗಬೇಕು. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಅಲ್ಲಿಯ ಕೋರ್ಟು ತೀರ್ಮಾನಿಸುವುದಿಲ್ಲ. ವಿಚಾರಣೆ ನಡೆಸುವಷ್ಟು ಆಧಾರ ಇದೆಯೇ, ಇಲ್ಲಿ ಅಪರಾಧವಾದದ್ದು ಅಲ್ಲಿಯೂ ಅಪರಾಧವೇ, ಇಷ್ಟನ್ನು ಮುಖ್ಯವಾಗಿ ನೋಡುತ್ತದೆ. ಕೊಟ್ಟರೆ, ಯಾವ ಅಪರಾಧಕ್ಕೆಂದು ಕೊಟ್ಟರೋ ಅದಕ್ಕೆ ಮಾತ್ರ ವಿಚಾರಣೆ. ಬೇರೆಯದಕ್ಕೆ ಮುಟ್ಟಬೇಕಾದರೆ ಅವರನ್ನು ಮತ್ತೆ ಕೇಳಿ ಒಪ್ಪಿಗೆ ತರಬೇಕು. ಇದೆಲ್ಲವನ್ನೂ ಆ ದಿನವೇ ಓದಿದ್ದೆ. ಯಾವುದೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಅನುವಾದವನ್ನೂ ರಂಗನಾಥ ನನಗೇ ಒಪ್ಪಿಸಿದ. ಜಿಲೆಟಿನ್ ಪ್ರಕರಣದ ಕಾಗದಗಳನ್ನು ಸಲೀಸಾಗಿ ಅನುವಾದಿಸಿದೆ. ಎರಡನೆಯದರಲ್ಲಿ ಸಿಕ್ಕಿಬಿದ್ದೆ. ನಿಜ ಹೇಳಿದ್ದ ಆ ಕೂಲಿಯವನು ಪಾವಗಡದ ಆಚೆಯ ಗಡಿಯವನು. ಅವನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅದನ್ನು ಅವನು ಹೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಹದಿನಾಲ್ಕು ಪುಟ ಬರೆದುಕೊಂಡಿದ್ದರು. ನನಗೆ ಬರುವುದು ಬಸ್‌ಸ್ಟ್ಯಾಂಡಿನ ತೆಲುಗು. ಆದರೆ ರಂಗನಾಥನಿಗೆ, “ತೆಲುಗು ತಾನೇ, ಅದೇನು ಮಹಾ” ಎಂದು ಮೊದಲೇ ಅಂದುಬಿಟ್ಟಿದ್ದೆ. ಮೂರು ದಿನ ಆ ಹಾಳೆಗಳನ್ನು ತಿರುವಿ ಹಾಕಿದೆ. ಪಕ್ಕದ ಬೀದಿಯ ಹೂವಿನವಳನ್ನು ಕೇಳಿದ್ದರೂ ಹೇಳಿಕೊಡುತ್ತಿದ್ದಳು. ಮೇಷ್ಟ್ರಾದವನು ಹೋಗಿ ಕೇಳುವುದೇ — ಇಷ್ಟೇ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇರಬಹುದೆಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ಸೋಮವಾರ ಕಾಗದಗಳು ಹೊರಡಬೇಕಿತ್ತು. ಶುಕ್ರವಾರ ರಂಗನಾಥ ಬಂದು ಎರಡನೆಯ ಕಡತ ಕೇಳಿದಾಗ ನಾನು ಹೇಳಿದೆ: “ಇದು ಆ ದೇಶದಲ್ಲಿ ಅಪರಾಧವೇ ಅಲ್ಲ. ಸೇರಿಸಿದರೆ ಇಡೀ ಅರ್ಜಿ ಕೆಡುತ್ತೆ. ಬಿಡು ಇದನ್ನ.”

ಸತ್ತವನ ಹೆಣ ಸಾಗಿಸಿ ಸಾಕ್ಷಿ ಮುಚ್ಚುವುದು ಯಾವ ದೇಶದಲ್ಲಿ ಅಪರಾಧವಲ್ಲ? ರಂಗನಾಥ ಕೇಳಬಹುದಿತ್ತು, ಕೇಳಲಿಲ್ಲ. ಮೇಲಿನವರೂ ಒಂದು ಗಟ್ಟಿ ಪ್ರಕರಣ ಸಾಕೆಂದು ಸುಮ್ಮನಾದರು. “ನೀವು ಹೇಳಿದ್ಮೇಲೆ ಮುಗೀತು ಬುಡಿ ಮೇಷ್ಟ್ರೇ” ಎಂದು ರಂಗನಾಥ ಆ ಕಡತವನ್ನು ಪಕ್ಕಕ್ಕಿಟ್ಟ.

ಮಾಲೀಕನನ್ನು ಕರೆತರಲು ಎರಡು ವರ್ಷ ಹಿಡಿಯಿತು. ಜಿಲೆಟಿನ್ ಪ್ರಕರಣದಲ್ಲಿ ಶಿಕ್ಷೆಯಾಯಿತು. ಅಂಜಿನಪ್ಪನ ಪ್ರಕರಣ ಮುಂದೆ ಬಂದಾಗ ಅವನ ವಕೀಲರು ಒಪ್ಪಂದದ ಪುಟ ತೋರಿಸಿದರು, ವಿಚಾರಣೆ ಅಲ್ಲಿಗೆ ನಿಂತಿತು. “ಉಳಾಕೆ ಅಂತ ಈಸ್ಕಂಡ್ ಬಂದಿರೋ ಎತ್ನ ಗಾಡಿಗೆ ಕಟ್ಟಂಗಿಲ್ಲ, ಅಂಗಾಯ್ತು ನೋಡಿ” ಎಂದು ರಂಗನಾಥ ಪೇಚಾಡಿದ. ಒಪ್ಪಿಗೆ ಕೇಳುವ ದಾರಿ ಅದೇ ಪುಟದಲ್ಲಿತ್ತು. ಆದರೆ ಅಲ್ಲಿ ಅದು ಅಪರಾಧವೇ ಅಲ್ಲವೆಂದು ಅವನು ನಂಬಿದ್ದ. ನಾನು ಬಾಯಿ ಬಿಡಲಿಲ್ಲ. ಅವನಿಗೆ ವರ್ಗವಾಯಿತು. ಹೋಗುವಾಗ ಓಬಳಮ್ಮನಿಗೆ, ಏನಿದ್ದರೂ ಮೇಷ್ಟ್ರನ್ನು ಕೇಳು ಎಂದು ಹೇಳಿ ಹೋದ.

ಆಕೆ ನಾಗಲಮಡಿಕೆಯಿಂದ ಎರಡು ಬಸ್ಸು ಬದಲಾಯಿಸಿ ನನ್ನ ಮನೆಗೆ ಬಂದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು. ಆಗಲೇ ನಾನು ಹೇಳಿದ್ದು: “ಆ ದೇಶದವರು ಒಪ್ಪಲಿಲ್ಲ ಕಣಮ್ಮ.”

“ಅವುರ್ಗೆ ತಮ್ಮಂದ್ರು ಇರಾಕಿಲ್ವಾ ಸಾಮಿ?” ಎಂದಳು ಆಕೆ.

ಆಮೇಲೂ ವರ್ಷಕ್ಕೊಮ್ಮೆ ಬರುತ್ತಿದ್ದಳು. ಹೊಸ ಕಡಲೆಕಾಯಿ ಬಂದಾಗ ಒಂದು ಚೀಲ ತಂದು ಇಟ್ಟು, ಆ ದೇಶದವರ ಮನಸ್ಸು ಬದಲಾಯಿತೇ ಎಂದು ಕೇಳಿ ಹೋಗುವಳು. ಕಡಲೆಕಾಯಿಯನ್ನು ನಾವು ತಿಂದೆವು. ಚೆನ್ನಾಗಿಯೇ ಇರುತ್ತಿತ್ತು.

ಕಳೆದ ಸಲ ಬಂದಾಗ ಆಕೆಗೆ ಒಂದು ಸುದ್ದಿ ತಲುಪಿತ್ತು. ಮಾಲೀಕನ ಶಿಕ್ಷೆ ಇನ್ನು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ಹೊರಬಂದ ಕೂಡಲೇ ಅವನು ಮತ್ತೆ ಆ ದೇಶಕ್ಕೆ ಹೋಗುತ್ತಾನೆ ಎಂದು. ಅದು ನಿಜ. ಅವನು ಹೋದರೆ ಅಂಜಿನಪ್ಪ ಸರ್ಕಾರದ ಕಾಗದದಲ್ಲಿ ಎಂದೆಂದಿಗೂ ಕುಡಿದು ಬಿದ್ದು ಸತ್ತವನೇ. ಆಕೆಗೆ ಬೇಕಾಗಿದ್ದುದು ಆ ಒಂದು ಮಾತು ಅಳಿಸುವುದು, ಅಷ್ಟೇ. ಅದಕ್ಕೆ ತಾನೇ ಒಂದು ಉಪಾಯ ಮಾಡಿಕೊಂಡು ಬಂದಿದ್ದಳು.

“ಆ ದೇಸಕ್ಕೆ ನಾನೇ ಒಂದ್ ಕಾಗ್ದ ಬರುಸ್ತೀನಿ ಸಾಮಿ. ನಾನ್ ಯೋಳ್ತೀನಿ, ನೀವು ಇಂಗ್ಲೀಸ್ ಮಾಡಿ” ಎಂದು ನೆಲದ ಮೇಲೆ ಕುಳಿತಳು. “ಬರ್ಕಳಿ. ಅಪ್ಪಾ, ನೀವು ಇಲ್ಲ ಅಂದ್ರಂತೆ. ನಂಗೇನೂ ಕ್ವಾಪ ಇಲ್ಲ. ನಿಮ್ಗೆ ನಮ್ ಅಂಜಿ ಯಾರೋ ಏನೋ...”

ಬರೆದೆ. ಮೊದಲ ಸಾಲು ಇಂಗ್ಲಿಷಿನಲ್ಲಿ ಬರೆದೂ ಆಯಿತು. ಎರಡನೆಯದಕ್ಕೆ ಪೆನ್ನು ಊರಿದೆ — ಆ ಕ್ಷಣದಲ್ಲಿ ನನಗೇನಾಯಿತೆಂದು ಹೇಳಲಾರೆ. ಪಶ್ಚಾತ್ತಾಪ ಎಂದರೆ ದೊಡ್ಡ ಮಾತಾಗುತ್ತದೆ. ನಾಚಿಕೆ ಎನ್ನೋಣ. ಯಾವ ತಪ್ಪೂ ಮಾಡದ ಜನರನ್ನು ಆಕೆ ನನ್ನ ಕೈಯಿಂದಲೇ ಕ್ಷಮಿಸುತ್ತಿದ್ದಳು. ಪೆನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ತೆಲುಗು ಬರದೇ ಇದ್ದದ್ದು, ರಂಗನಾಥನಿಗೆ ಹೇಳಿದ್ದು, ಆಕೆಗೆ ಹೇಳಿದ್ದು.

“ಅಂಗಾರೆ ಅವ್ರು ಇಲ್ಲ ಅಂದಿಲ್ಲ.”

“ಇಲ್ಲ.”

“ಯಾರೂ ಕೇಳೇ ಇಲ್ಲ.”

“ಇಲ್ಲ ಓಬಳಮ್ಮ.”

ಆಕೆ ಅಳಲಿಲ್ಲ, ಬೈಯಲೂ ಇಲ್ಲ. “ಕೇಳಿ ಮತ್ತೆ” ಎಂದಳು.

ರಂಗನಾಥನಿಗೆ ಆ ದಿನವೇ ಫೋನು ಮಾಡಿ ಹೇಳಿದೆ. “ಆಯ್ತು ಸಾರ್” ಎಂದ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಸಾರ್ ಎಂದು ಕರೆದದ್ದು ಅದೇ ಮೊದಲು. ಆದರೂ ಹದಿನಾಲ್ಕು ಪುಟಗಳ ನಕಲು ಕಳುಹಿಸಿಕೊಟ್ಟ. ಒಪ್ಪಿಗೆ ಕೋರುವ ಅರ್ಜಿಗೆ ಯಾರನ್ನು ಕಾಣಬೇಕೆಂದೂ ತಿಳಿಸಿದ.

ಓಬಳಮ್ಮ ಎರಡು ದಿನ ನನ್ನ ಮನೆಯ ಜಗಲಿಯಲ್ಲಿ ಕುಳಿತಳು. ಮನೆಯಲ್ಲಿ ಕೊಟ್ಟ ಕಾಫಿ ಮುಟ್ಟಲಿಲ್ಲ, ಬೀದಿಯ ನಲ್ಲಿಯಲ್ಲಿ ನೀರು ಕುಡಿದು ಬಂದಳು. ನಾನು ಒಂದೊಂದೇ ಸಾಲು ಓದುವುದು, ಗಡಿಯ ತೆಲುಗು ಬಲ್ಲ ಆಕೆ ಅರ್ಥ ಹೇಳುವುದು. “ಮೋಸುಕೊನಿ ಪೊಯ್ಯಿ ರೋಡ್ಡು ಮಿಂದ ಪಂಡಬೆಟ್ಟಿನಾರು” ಎಂದು ಓದಿದಾಗ ಆಕೆ ರಸ್ತೆಯ ಕಡೆ ನೋಡುತ್ತಾ, “ಹೊತ್ಕಂಡೋಗಿ ರೋಡಿನ ಮ್ಯಾಲೆ ಮಲುಗ್ಸುದ್ರು” ಎಂದಳು. ತನ್ನ ತಮ್ಮನ ಹೆಣ ಸಾಗಿಸಿದ್ದನ್ನು ಆಕೆಯ ಬಾಯಿಂದಲೇ ಬಿಡಿಸಿ ಹೇಳಿಸಿಕೊಂಡೆ. ಏಳು ವರ್ಷದ ಹಿಂದೆ ಹೂವಿನವಳನ್ನು ಕೇಳಲು ನನಗೆ ಮರ್ಯಾದೆ ಅಡ್ಡ ಬಂದಿತ್ತು.

ನನ್ನ ತಪ್ಪನ್ನು ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕಿ ಅರ್ಜಿಯ ಜೊತೆ ಕೊಟ್ಟಿದ್ದೇನೆ. ಕಾಗದ ಈಗ ದೆಹಲಿಯಲ್ಲಿ ಇರಬೇಕು. ಅವನ ಬಿಡುಗಡೆಗೆ ಮೊದಲು ಉತ್ತರ ಬರುತ್ತದೆಯೋ ಇಲ್ಲವೋ, ಯಾರೂ ಖಚಿತವಾಗಿ ಹೇಳುತ್ತಿಲ್ಲ.

ಕೊನೆಯ ಪುಟ ಮುಗಿದ ಮಧ್ಯಾಹ್ನ ಓಬಳಮ್ಮ ಸೆರಗು ಕೊಡವಿಕೊಂಡು ಎದ್ದಳು. ಉತ್ತರ ಬಂದ ದಿನವೇ ನಾಗಲಮಡಿಕೆಗೆ ನಾನೇ ಬಂದು ತಿಳಿಸುತ್ತೇನೆ ಎಂದೆ. ಆಕೆ ಮೆಟ್ಟಿಲ ಮೇಲೆ ನಿಂತು ಹೇಳಿದಳು:

“ಬ್ಯಾಡ ಸಾಮಿ. ಇಲ್ಲ ಅಂತ ಬರ್ಲಿ, ಆಯ್ತು ಅಂತ ಬರ್ಲಿ, ಬ್ಯಾರೆ ಯಾರ ಕೈಲಾದ್ರೂ ಯೋಳ್ಕಳ್ಸಿ. ನಿಮ್ ಬಾಯಿಂದ ಬ್ಯಾಡ.”

ಹಾಗೇ ಆಗಲಿ ಎಂದಿದ್ದೇನೆ.