ಮುರುಡೇಶ್ವರಕ್ಕೆ ಹಾಯಿದೋಣಿಯಲ್ಲಿ ಹೊರಟ ಚಲುವರಾಜು

ಬಾಬುರಾಯನಕೊಪ್ಪಲಿನ ಚಲುವರಾಜು ಕೆ.ಆರ್.ಎಸ್. ಅಣೆಕಟ್ಟೆಯಲ್ಲಿ ಗೇಟಿನ ಕೆಲಸ ಮಾಡಿ ನಿವೃತ್ತನಾದವನು. ನೀರಿನ ವಿಷಯ ಬಂದರೆ ಊರಿನಲ್ಲಿ ಅವನ ಮುಂದೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಟೀ ಅಂಗಡಿಯಲ್ಲಿ ಯಾರಾದರೂ ಮಳೆಯ ಮಾತೆತ್ತಿದರೂ ಸಾಕು, "ನೀರು ಅಂದ್ರೆ ಏನು ಅಂತ ನನ್ನ ಕೇಳ್ಲಾ" ಎಂದು ಶುರು ಮಾಡುತ್ತಿದ್ದ. ಅಷ್ಟೂ ವರ್ಷ ಅವನು ನೀರನ್ನು ನೋಡಿದ್ದು ಕಟ್ಟೆಯ ಮೇಲೆ ನಿಂತು. ಅದರೊಳಗೆ ಇಳಿದದ್ದನ್ನು ಕಂಡವರಿರಲಿಲ್ಲ. ಹೆಂಡತಿ ಅಣ್ಣಮ್ಮನಿಗೆ ಇದು ಗೊತ್ತಿತ್ತು. ಹಸು ಕರೆದು ಡೇರಿಗೆ ಹಾಲು ಹಾಕುವ ಗಡಿಬಿಡಿಯಲ್ಲಿ ಅದನ್ನು ಎತ್ತಿ ಆಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಅಳಿಯ ಸಂತೋಷ್ ಪಾಂಡವಪುರದವನು. ಹೊನ್ನಾವರದ ಕಾಲೇಜೊಂದರಲ್ಲಿ ವ್ಯಾಯಾಮದ ಮೇಷ್ಟ್ರು. ಗೆಳೆಯರ ಜೊತೆ ಸೇರಿ ಹಳೆಯದೊಂದು ಹಾಯಿದೋಣಿ ಕೊಂಡಿದ್ದ. ಏಪ್ರಿಲ್ ರಜೆಯಲ್ಲಿ ಮಗಳ ಮನೆಗೆಂದು ಬಂದ ಅತ್ತೆ, ಮಾವನನ್ನು ಅದರಲ್ಲಿ ಮುರುಡೇಶ್ವರಕ್ಕೆ ಕರೆದೊಯ್ಯುತ್ತೇನೆ ಎಂದ.

"ಅಣ್ಣಮ್ಮ ಬ್ಯಾಡ ಕಣಪ್ಪ, ಎದುರ್ಕತಾಳೆ" ಎಂದ ಚಲುವರಾಜು.

"ನಾನು ಯಾವಾಗ ಎದ್ರುಕಂಡೆ?" ಎಂದು ಅಣ್ಣಮ್ಮ ಸೀರೆಯ ಮೇಲೇ ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿ ಕುಳಿತಳು.

ಶರಾವತಿ ಕಡಲು ಸೇರುವ ಅಳಿವೆ ದಾಟುವವರೆಗೆ ಸಣ್ಣ ಮೋಟಾರು ಓಡಿತು. ಅಲ್ಲಿಯವರೆಗೂ ಚಲುವರಾಜು ಅಳಿಯನಿಗೆ ನೀರಿನ ಗುಣಗಳನ್ನು ವಿವರಿಸುತ್ತಲೇ ಇದ್ದ. ಕಡಲಿಗೆ ಬಂದಮೇಲೆ ಸಂತೋಷ್ ಮೋಟಾರು ನಿಲ್ಲಿಸಿ ಹಾಯಿ ಏರಿಸಿದ.

"ಯಾಕಪ್ಪ, ಆಫ್ ಮಾಡ್ಬುಟ್ಟೆ?"

"ಗಾಳಿ ಐತಲ್ಲ ಮಾವ."

"ಗಾಳಿ ನಮ್ಮ ಮಾತು ಕೇಳ್ತದಾ?"

ಗಾಳಿ ಕೇಳಿತು. ಕೇಳದೇ ಹೋದದ್ದು ಅವನ ಹೊಟ್ಟೆ. ದೋಣಿ ಒಂದು ಮಗ್ಗುಲಿಗೆ ವಾಲಿ ಅಲೆಗಳ ಮೇಲೆ ಏರಿಳಿಯತೊಡಗಿದಾಗ ಅವನ ಉಪನ್ಯಾಸ ಅರ್ಧಕ್ಕೇ ನಿಂತಿತು. ಬೆಳಗ್ಗೆ ಹೊಗಳಿ ಹೊಗಳಿ ತಿಂದಿದ್ದ ಇಡ್ಲಿಯೆಲ್ಲ ಅರಬ್ಬಿ ಸಮುದ್ರದ ಪಾಲಾಯಿತು. ಆಮೇಲೆ ಅವನು ಕಂಬಿ ಹಿಡಿದು ಕಣ್ಣು ಮುಚ್ಚಿ ಮಲಗಿದ. ಅಣ್ಣಮ್ಮ ಅವನ ಮುಖ ಒರೆಸಿ, ಬಾಯಿಗೆ ನಿಂಬೆಹಣ್ಣು ಹಿಂಡಿದಳು. ನೀರಿನ ಮಾತೆತ್ತಿ ಕೆಣಕಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮುರುಡೇಶ್ವರ ಹತ್ತಿರವಾದಂತೆ ಕಡಲು ಜಾತ್ರೆಯಾಗಿತ್ತು. ರಜೆಯ ಜನರನ್ನು ತುಂಬಿಕೊಂಡ ಮೋಟಾರು ದೋಣಿಗಳು ಅಡ್ಡಾದಿಡ್ಡಿ ಓಡುತ್ತಿದ್ದವು. ನಡುವೆ ನೀರಿನ ಸ್ಕೂಟರುಗಳು ಬೇರೆ. ಹಾಯಿ ಇಳಿಸಲು ಮುಂದಕ್ಕೆ ಹೋಗಬೇಕಿದ್ದ ಸಂತೋಷ್, "ಅತ್ತೆ, ಈ ಚುಕ್ಕಾಣಿ ಇಡ್ಕಳಿ. ಬಲಕ್ಕೆ ಹೋಗ್ಬೇಕಂದ್ರೆ ಎಡಕ್ಕೆ ತಳ್ಳಿ" ಎಂದು ಉದ್ದನೆಯ ಮರದ ಹಿಡಿಯನ್ನು ಅವಳ ಕೈಗಿತ್ತ.

ಅಣ್ಣಮ್ಮ ಮೊದಲು ತಪ್ಪಾಗಿಯೇ ತಳ್ಳಿದಳು. ದೋಣಿ ಗರ್ರನೆ ತಿರುಗಿತು, ಮಲಗಿದ್ದ ಚಲುವರಾಜು ಉರುಳಿ ಕುಳಿತ. ಅವಳು ಹಲ್ಲು ಕಚ್ಚಿ ಸರಿಪಡಿಸಿಕೊಂಡಳು. ಅಷ್ಟರಲ್ಲಿ ಮೋಟಾರು ದೋಣಿಯೊಂದು ಎದುರಿಗೇ ಬಂದು ನಿಂತಿತು. ಅದರ ತುಂಬ ಇದ್ದವರು ಹಾಯಿದೋಣಿಯ ಜೊತೆ ಸೆಲ್ಫಿ ತೆಗೆಯುತ್ತಿದ್ದರು.

"ಜಾಗ ಬುಡ್ರಪ್ಪೋ, ಇದ್ಕೆ ಬ್ರೇಕಿಲ್ಲ" ಎಂದು ಅಣ್ಣಮ್ಮ ಕೂಗಿದಳು.

ಅವರು ನಕ್ಕು ಕೈಬೀಸಿದರು. ಅವಳು ಎರಡೂ ಕೈಯಿಂದ ಹಿಡಿಯನ್ನು ಎಡಕ್ಕೆ ಒತ್ತಿದಳು. ದೋಣಿ ಬಲಕ್ಕೆ ಹೊರಳಿ, ಕೈ ಚಾಚಿದರೆ ಎಟುಕುವಷ್ಟು ಅಂತರದಲ್ಲಿ ಅವರನ್ನು ದಾಟಿತು. ನಗುತ್ತಿದ್ದವರ ಬಾಯಿ ಮುಚ್ಚಿತ್ತು. ಅಣ್ಣಮ್ಮನ ಮುಖ ಅರಳಿತ್ತು.

ಸಂತೋಷ್ ಹಿಂದಕ್ಕೆ ಬಂದು ಕೈ ಚಾಚಿದರೆ ಅವಳು ಹಿಡಿ ಬಿಡಲಿಲ್ಲ. "ಇನ್ನೊಂಚೂರು ಇರ್ಲಿ ಬುಡಪ್ಪ" ಎಂದಳು.

ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದರು. ಬೆಳಗ್ಗೆ ಚಲುವರಾಜು ಚಪ್ಪಲಿ ಮೆಟ್ಟಿಕೊಂಡು, "ನಾನು ಬಸ್ಸಲ್ಲಿ ಬತ್ತೀನಿ. ಸೊಂಟ ಇಡ್ಕಂಡದೆ" ಎಂದ. ಸೊಂಟದ ಮಾತು ಯಾರೂ ನಂಬಲಿಲ್ಲ, ಯಾರೂ ತಡೆಯಲೂ ಇಲ್ಲ. ಅಣ್ಣಮ್ಮ ದೋಣಿಯಲ್ಲೇ ಹೊರಟಳು.

ಹೊನ್ನಾವರದಲ್ಲಿ ಬಸ್ಸಿಳಿದ ಚಲುವರಾಜು ಮಗಳ ಮನೆಗೆ ಹೋಗದೆ ನೇರವಾಗಿ ದೋಣಿ ಕಟ್ಟುವ ಧಕ್ಕೆಗೆ ನಡೆದ. ಗಾಳಿ ಎದುರಾಗಿತ್ತು, ದೋಣಿ ತಡವಾಯಿತು. ಮೀನುಗಾರರನ್ನು ಒಬ್ಬೊಬ್ಬರನ್ನಾಗಿ ಹಿಡಿದು, "ಬಿಳಿ ಹಾಯಿಂದು ಕಂಡ್ರಾ?" ಎಂದು ವಿಚಾರಿಸಿದ. ನೀರಿನ ಬಗ್ಗೆ ಅವನು ಬೇರೆಯವರನ್ನು ಕೇಳಿದ್ದು ಅದೇ ಮೊದಲು. ಬಿಸಿಲು ಇಳಿಯುವ ಹೊತ್ತಿಗೆ ಅಳಿವೆಯಲ್ಲಿ ಹಾಯಿ ಕಂಡಿತು. ಚಲುವರಾಜು ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಆಗಷ್ಟೇ ಬಂದವನಂತೆ ಕಂಬಕ್ಕೆ ಒರಗಿ ನಿಂತ.

ಬಿಸಿಲಿಗೆ ಕಪ್ಪಾಗಿದ್ದ ಅಣ್ಣಮ್ಮ ಧಕ್ಕೆಗೆ ಇಳಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಸ್ಸಲ್ಲಿ ಸೀಟು ಸಿಕ್ತಾ?" ಎಂದಳು.